ಹದಿನೇಳನೇ ಫ್ಯಾನಿನ ನಲವತ್ತೊಂದು ಜಿಬಿ

ಲೈಟು ಇರ್ಲಿ, ಆರಿಸ್ಬೇಡ್ರಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ತಾಳ್ಯದ ನಿರಂಜನ್ ಅಂತ, ನಮ್ಮ ಚಿಕ್ಕಪ್ಪನ ಮಗ, ಅವನಿಗೇ ಆಗಿದ್ದು. ಹೋದ ಆಷಾಢ ಅಲ್ಲ, ಅದರ ಹಿಂದಿನ ಆಷಾಢ.

ಶುಕ್ರವಾರ ರಾತ್ರಿ ಎರಡು ಗಂಟೆಗೆ ಅವನ ಶಿಫ್ಟು ಮುಗೀತು. ಹರಿಯಬ್ಬೆ ಕಡೆ ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ಮಾಡೋ ಫ್ಯಾನುಗಳು ಅವೆ. ಗುಡ್ಡದ ಬುಡದಲ್ಲಿ ಕಂಟ್ರೋಲ್ ರೂಮು. ಅಲ್ಲಿನ ಕಂಪ್ಯೂಟರು, ಕ್ಯಾಮೆರಾ ನೋಡ್ಕಳೋದು ನಿರಂಜನ್ ಕೆಲಸ. ಬಾಡಿಗೆ ಮನೆ ಊರೊಳಗೆ, ನಡೆದ್ರೆ ಅರ್ಧ ಗಂಟೆ. ಬೈಕಿನ ಚೈನು ಕಟ್ಟಾಗಿ ವಾರ ಆಗಿತ್ತು. ರಿಪೇರಿಗೆ ಕೊಡೋಕೂ ಮೈಗಳ್ಳತನ. ನಡ್ಕಂಡೇ ಹೊರಟ.

ದಾರೀಲಿ ಒಂದು ಹಳೇ ಕಲ್ಲುಬಾವಿ. ಅದರ ಪಕ್ಕಕ್ಕೆ ಆಲದಮರ. ಕತ್ತಲಾದ ಮೇಲೆ ಊರಿನೋರು ಆ ಕಡೆ ಸುಳಿಯಲ್ಲ. ಅದಕ್ಕೇ ನಿರಂಜನ್‌ಗೆ ಅಲ್ಲಿ ನಿಲ್ಲೋದು ಅಂದ್ರೆ ಖುಷಿ. ಓದಿದೋನು ನೋಡ್ರಿ. ಚಿತ್ರದುರ್ಗದಲ್ಲಿ ಇಂಜಿನಿಯರಿಂಗು, ಎರಡು ಸಬ್ಜೆಕ್ಟು ಮೂರು ಮೂರು ಸಲ ಕಟ್ಟಿ ಪಾಸಾದ ಶೂರ. “ಈ ಜನಕ್ಕೆ ಏನ್ ಗೊತ್ತಾಗ್ತೈತೆ” ಅನ್ನೋದು ಅವನ ಬಾಯಿಪಾಠ. ಅವನಪ್ಪನೂ ಆ ಜನದಲ್ಲೇ ಒಬ್ಬ, ಅದು ಮರೆತುಹೋಗಿತ್ತು.

ಬಾವಿಕಟ್ಟೆ ಹತ್ರ ಬಂದ. ಬೇಕಂತಲೇ ನಿಂತ. ಬಗ್ಗಿ ಒಳಕ್ಕೆ ಉಗುಳಿದ. ಅಷ್ಟು ಕೆಳಗೆ ನೀರಿಗೆ ಬಿದ್ದಿದ್ದು ಸಣ್ಣಗೆ ಕೇಳಿಸ್ತು... ಚಿಳಕ್.

ಆಮೇಲೆ...

ಠಣ್.

ಗುಡ್ಡದ ಕಡೆಯಿಂದ. ಕಬ್ಬಿಣದ ಮೆಟ್ಟಿಲ ಮೇಲೆ ಬೂಟುಗಾಲು ಇಟ್ಟಂಗೆ. ಒಂದು, ಎರಡು, ಮೂರು, ನಾಲ್ಕು ಎಣಿಸೋಷ್ಟು ಹೊತ್ತು ಸುಮ್ಮನೆ... ಠಣ್. ಮತ್ತೆ ಅಷ್ಟೇ ಹೊತ್ತು... ಠಣ್.

ಮೊಬೈಲ್ ನೋಡಿದ. ಎರಡು ಗಂಟೆ ಹತ್ತು ನಿಮಿಷ. ಒಂದು ನಿಮಿಷ ಆಗಿರ್ಬೇಕು, ಸದ್ದು ನಿಂತ್ಕಂತು. ಜೀರುಂಡೆಗಳು ಮತ್ತೆ ಶುರು ಮಾಡಿದ್ವು. ಅವು ಯಾವಾಗ ಬಾಯಿ ಮುಚ್ಚಿದ್ವೋ ಅವನಿಗೆ ಗೊತ್ತೇ ಆಗಿರಲಿಲ್ಲ.

“ಗಾಳಿಗೆ ಏನೋ ಬಡ್ಕಂತೈತೆ” ಅಂತ ತನಗೆ ತಾನೇ ಹೇಳ್ಕಂಡು ಕಾಲು ಬೀಸಿದ. ಆಲದ ಎಲೆ ಒಂದೂ ಅಲ್ಲಾಡ್ತಿರಲಿಲ್ಲ.

ಅವತ್ತು ಸಂಜೆ ಅವನು ಏನು ಮಾಡಿ ಬಂದಿದ್ದ ಅನ್ನೋದನ್ನ ಈಗ ಹೇಳ್ತೀನಿ.

ಆ ಮಂಗಳವಾರ ಹದಿನೇಳನೇ ಫ್ಯಾನಿನ ತಲೆಯಿಂದ ಆಯಿಲ್ ಸೋರ್ತಿತ್ತು. ಅದು ಹಳೇ ಫ್ಯಾನು. ಕೊಳವೆ ಥರ ಅಲ್ಲ, ಕಬ್ಬಿಣದ ಪಟ್ಟಿ ಜೋಡಿಸಿ ನಿಲ್ಸಿದ ಟವರು. ಏಣಿ ಹೊರಗಡೆಗೇ. ಅವತ್ತು ಗಾಳಿ ಅಂದ್ರೆ ಗಾಳಿ, ಮೀಟರಿನಲ್ಲಿ ಯಾರೂ ಹತ್ತಬಾರ್ದು ಅಂತ ಕೆಂಪಗೆ ತೋರಿಸ್ತಿತ್ತು. ಇದ್ದ ಒಂದೇ ಒಳ್ಳೇ ಸೇಫ್ಟಿ ಬೆಲ್ಟು ಹೊಸದುರ್ಗದ ಕಡೆ ಸೈಟಿಗೆ ಹೋಗಿತ್ತು. ಆದ್ರೂ ಮ್ಯಾನೇಜರ್ ಶ್ರೀನಿವಾಸ್ ಬೋರಪ್ಪನ್ನ ಹತ್ತಿಸಿದ. ಬೋರಪ್ಪ ಹರಿಯಬ್ಬೆಯೋನೇ. ಹದಿನೆಂಟು ವರ್ಷದಿಂದ ಅದೇ ಏಣಿ ಹತ್ತಿ ಇಳಿದೋನು.

ಅವತ್ತು ಹತ್ತಿದ. ಇಳೀಲಿಲ್ಲ. ಬಿದ್ದ.

ಹೆಣ ಇನ್ನೂ ಆಸ್ಪತ್ರೆ ಮುಟ್ಟಿರಲಿಲ್ಲ, ಶ್ರೀನಿವಾಸ್ ರಿಪೋರ್ಟು ಹೇಳ್ತಾ ಹೋದ, ನಮ್ಮ ಓದಿದೋನು ಟೈಪ್ ಮಾಡ್ತಾ ಹೋದ. “ಸದರಿ ನೌಕರನು ಮದ್ಯಪಾನ ಮಾಡಿದ್ದು, ಯಾರೂ ಹೇಳದೆ ತಾನಾಗಿಯೇ ಏರಿ...” ಬೋರಪ್ಪ ಹುಟ್ಟಿದಾಗಿಂದ ಹೆಂಡ ಮೂಸಿದೋನಲ್ಲ. ಅದು ನಿರಂಜನ್‌ಗೂ ಗೊತ್ತಿತ್ತು. ಗೊತ್ತಿದ್ದೇ ಬೆರಳು ಆಡಿಸಿದ. ನಡುವೆ ಒಂದು ಕಾಗುಣಿತ ತಪ್ಪು ಕಂಡು ತಿದ್ದಿದನಂತೆ. ಅಷ್ಟು ನೀಟು ಕೆಲಸ.

ಬೋರಪ್ಪನ ಹೆಂಡ್ತಿ ಜಯಕ್ಕ ಆ ಮಾತು ಕೇಳಿದ್ದು ಗಂಡನ್ನ ಮಣ್ಣು ಮಾಡೋ ಜಾಗದಲ್ಲಿ.

ಬುಧವಾರ ಹದಿನೇಳರ ಕ್ಯಾಮೆರಾ ಬಿಚ್ಚಿ ಡ್ರಾಯರಿಗೆ ಹಾಕಿದ್ರು. ಆದ್ರೆ ಮಂಗಳವಾರದ ರೆಕಾರ್ಡಿಂಗು ಇತ್ತು. ಮಾತು ಕೇಳಿಸಲ್ಲ, ಚಿತ್ರ ಮಾತ್ರ. ಬೋರಪ್ಪ ಸೊಂಟ ತಟ್ಟಿ ತೋರಿಸ್ತಾನೆ, ಬೆಲ್ಟಿಲ್ಲ ಅಂತ. ಶ್ರೀನಿವಾಸ್ ಬೆರಳು ಮೇಲಕ್ಕೆ ಮಾಡ್ತಾನೆ. ಬೋರಪ್ಪ ಆಕಾಶ ನೋಡ್ತಾನೆ. ಮತ್ತೆ ಬೆರಳು ಮೇಲಕ್ಕೆ.

ಶುಕ್ರವಾರ ಸಂಜೆ ಶ್ರೀನಿವಾಸ್ ಬಂದು, “ಆ ದಿನದ್ದು ತೆಗೆದ್ಬಿಡ್ರಿ” ಅಂದ. ನಿರಂಜನ್ ತೆಗೆದ. ಇಡೀ ದಿನದ್ದು, ನಲವತ್ತೊಂದು ಜಿಬಿ. ಟೀ ಆರೋದ್ರೊಳಗೆ ಕೆಲಸ ಮುಗೀತು.

ಆ ರಾತ್ರಿನೇ ಅವನಿಗೆ ಬಾವಿ ಹತ್ರ ಸದ್ದು ಕೇಳಿಸಿದ್ದು.

ಶನಿವಾರ ಸಂಜೆ ಶ್ರೀನಿವಾಸ್ ಮತ್ತೆ ಬಂದ. ಅವನಿಗೆ ಕಂಪ್ಯೂಟರು ಅಂದ್ರೆ ಆಕಡೆ ಈಕಡೆ ತಿಳಿಯಲ್ಲ. ಆದ್ರೆ ಅಪ್ಪನ ಕಾಲದ ಗೋಡೋನು ನೋಡಿ ಬೆಳೆದೋನು.

“ಡಿಸ್ಕಿನಲ್ಲಿ ಎಷ್ಟು ಜಾಗ ಖಾಲಿ ಆಯ್ತು?”

ನಿರಂಜನ್ ನೋಡಿದ. ಒಂದು ಜಿಬಿಯೂ ಖಾಲಿ ಆಗಿರಲಿಲ್ಲ. ಫೈಲಿಲ್ಲ, ಹುಡುಕಿದ್ರೆ ಮಂಗಳವಾರ ಅನ್ನೋದೇ ಇಲ್ಲ. ಆದ್ರೂ ತುಂಬಿರೋ ಜಾಗ ನಿನ್ನೆ ಎಷ್ಟಿತ್ತೋ ಅಷ್ಟೇ.

“ಗೋಡೋನಿಂದ ಮೂಟೆ ಎತ್ತಿದ್ರೆ ಮೂಟೆ ಜಾಗ ಬಿಡ್ಬೇಕು” ಅಂದ ಶ್ರೀನಿವಾಸ್. “ಬಿಟ್ಟಿಲ್ಲ ಅಂದ್ರೆ ಮೂಟೆ ಇನ್ನೂ ಅಲ್ಲೇ ಐತೆ. ಹುಡುಕ್ರೀ.”

ಆ ಮನುಷ್ಯ ಜೀವನದಲ್ಲಿ ಆಡಿದ ಒಂದೇ ಸತ್ಯ ಅದು.

ಅವನು ಹೋದ ಮೇಲೆ ನಿರಂಜನ್‌ಗೆ ಹೊಳೀತು. ಕ್ಯಾಮೆರಾ ರೆಕಾರ್ಡಿಂಗು ಇಡೋ ಆ ಡಿಸ್ಕ್ ಪೆಟ್ಟಿಗೆ ದಿನಾ ರಾತ್ರಿ ಹನ್ನೆರಡಕ್ಕೆ ಸ್ನ್ಯಾಪ್‌ಶಾಟ್ ಅಂತ ತಗಂತೈತೆ. ಹೆಸರು ಕೇಳಿದ್ರೆ ಫೋಟೋ ಇದ್ದಂಗೆ, ಆದ್ರೆ ನಕಲು ಮಾಡಲ್ಲ. ಈ ಹೊತ್ತಲ್ಲಿ ಇಲ್ಲಿ ಏನೇನು ಐತೋ ಅದನ್ನ ಎಸೀಬೇಡಿ ಅಂತ ಒಂದು ಗುರುತು ಹಾಕಿಡ್ತೈತೆ, ಅಷ್ಟೇ. ಗುರುತು ಹಾಕೋಕೆ ಜಾಗ ಬೇಡ. ನೀವು ಆಮೇಲೆ ಅಳಿಸ್ತೀರಿ, ಪಟ್ಟಿಯಿಂದ ಹೆಸರು ಹೋಗ್ತೈತೆ. ವಸ್ತು ಹೋಗಲ್ಲ. ಗುರುತು ಇರೋಗಂಟ ಅದು ಕುಂತಲ್ಲೇ ಕುಂತಿರ್ತೈತೆ.

ಪಟ್ಟಿ ತೆಗೆದ. ಮಂಗಳವಾರ ರಾತ್ರಿಯದು, ಬುಧವಾರದ್ದು, ಗುರುವಾರದ್ದು. ಬೋರಪ್ಪನ ದಿನ ಪೆಟ್ಟಿಗೆಯಲ್ಲಿದ್ದ ರಾತ್ರಿಗಳು ಈ ಮೂರೇ. ಯಾವ್ಯಾವುದು ಎಷ್ಟು ಜಾಗ ತಿಂದೈತೆ ಅಂತ ಮುಂದೆ ಬರೆದಿತ್ತು.

ಸೊನ್ನೆ. ಸೊನ್ನೆ. ಸೊನ್ನೆ.

ನಲವತ್ತೊಂದು ಜಿಬಿ ಕಾಣೆ. ಕೇಳಿದ್ರೆ ಮೂವರೂ ನನ್ನ ಹತ್ರ ಇಲ್ಲ ಅಂತಾರೆ. ಅಣ್ಣತಮ್ಮಂದಿರು ಮೂವರು ಒಂದೇ ಮನೇಲಿದ್ದಾಗ ಮನೆ ಯಾರದಪ್ಪ ಅಂದ್ರೆ ಒಬ್ಬೊಬ್ಬನೂ ನಂದೊಬ್ಬಂದೇ ಅಲ್ಲ ಅಂತಾನಲ್ಲ, ಹಂಗೆ. ಇಬ್ಬರು ಬಿಟ್ಟು ಹೋದ ಮೇಲೆ ಪೂರ್ತಿ ಮನೆ ಉಳಿದೋನ ತಲೆಗೆ.

ನಿರಂಜನ್ ಮಂಗಳವಾರದ್ದು ತೆಗೆದ. ಜಾಗ ಬರಲಿಲ್ಲ. ಬುಧವಾರದ್ದು ತೆಗೆದ. ಬರಲಿಲ್ಲ. ಗುರುವಾರದ್ದರ ಮುಂದೆ ಇದ್ದ ಸೊನ್ನೆ ಅಳಿದು ನಲವತ್ತೊಂದು ಅಂತ ಬಂತು. “ಸಿಕ್ಕಿದೆ” ಅಂದ. ಅದನ್ನೂ ತೆಗೆಯೋಕೆ ಹೋದ.

ಪೆಟ್ಟಿಗೆ ಒಪ್ಪಲಿಲ್ಲ. ಇದರಿಂದ ಹುಟ್ಟಿದ ಕ್ಲೋನ್ ಒಂದು ಐತೆ, ಅದು ಇರೋಗಂಟ ಇದನ್ನ ತೆಗೆಯಕ್ಕಾಗಲ್ಲ ಅಂತು.

ಕ್ಲೋನು ಅಂದ್ರೆ ತದ್ರೂಪು. ಸ್ನ್ಯಾಪ್‌ಶಾಟನ್ನ ಬರೀ ನೋಡಬೋದು. ಕ್ಲೋನು ಅಂದ್ರೆ ಅದನ್ನ ಎಬ್ಬಿಸಿ ಕೂರಿಸಿದಂಗೆ, ಅದರೊಳಗೆ ಹೊಸದಾಗಿ ಬರೀಬೋದು. ಹುಟ್ಟಿದಾಗ ಅದರ ಜಾಗವೂ ಸೊನ್ನೆಯೇ, ತಾಯಿ ಹತ್ರ ಇರೋದನ್ನೇ ಹಂಚ್ಕಂಡಿರ್ತೈತೆ. ಹೊಸದಾಗಿ ಎಷ್ಟು ಬರೀತಾರೋ ಅಷ್ಟು ಮಾತ್ರ ಅದರ ಲೆಕ್ಕ.

ನಿರಂಜನ್ ಯಾವ ಕ್ಲೋನೂ ಮಾಡಿರಲಿಲ್ಲ. ಪಾಸ್‌ವರ್ಡು ಅವನೊಬ್ಬನಿಗೇ ಗೊತ್ತು. ಹುಡುಕಿದ. ಒಂದಿತ್ತು. ಹೆಸರು ಬರೀ ‘೧೭’. ಹುಟ್ಟಿದ ಹೊತ್ತು, ಶುಕ್ರವಾರ ರಾತ್ರಿ ಎರಡು ಹತ್ತು. ಆಗ ಅವನು ಬಾವಿಕಟ್ಟೆ ಹತ್ರ ನಿಂತಿದ್ದ.

ಅದರ ಮುಂದೆ ಸೊನ್ನೆ ಇರಲಿಲ್ಲ. ಇಪ್ಪತ್ತೆಂಟು ಎಂಬಿ ಅಂತಿತ್ತು. ಆ ಕ್ಯಾಮೆರಾದ ಒಂದು ನಿಮಿಷದ ವಿಡಿಯೋ ಅಷ್ಟೇ ಆಗೋದು.

ತೆಗೆಯೋಕೆ ನೋಡಿದ. ‘ಬಳಕೆಯಲ್ಲಿದೆ’ ಅಂತ ಬಂತು. ಯಾರು ಬಳಸ್ತಾ ಅವ್ರೆ ಅಂತ ಹೇಳಲಿಲ್ಲ.

ತೆರೆದ. ಒಳಗೆ ಮಂಗಳವಾರ ಪೂರ್ತಿ ಹಂಗೇ ಇತ್ತು. ಅದರ ಕೊನೇಲಿ ಹೊಸ ತುಣುಕು ಒಂದು. ಒತ್ತಿದ. ಬೂದಿ ಬಣ್ಣದ ಕತ್ತಲು. ಹದಿನೇಳರ ಏಣಿಯ ತುದಿ. ಮೇಲಿಂದ ಎರಡು ಬೂಟು ಬಂದ್ವು. ಒಂದು ಮೆಟ್ಲು ಇಳಿದು ನಿಂತ್ವು. ಇನ್ನೊಂದು ಮೆಟ್ಲು. ಹದಿನೈದು ಮೆಟ್ಲು ಇಳಿದ ಮೇಲೆ ತುಣುಕು ಮುಗೀತು. ಮೊಣಕಾಲಿನಿಂದ ಮೇಲಕ್ಕೆ ಏನೂ ಕಾಣಿಸ್ತಿರಲಿಲ್ಲ.

ನಿರಂಜನ್ ಎದ್ದು ಹೋಗಿ ಡ್ರಾಯರು ಎಳೆದ. ಕ್ಯಾಮೆರಾ ಅಲ್ಲೇ ಇತ್ತು. ಅದರ ವೈರು ಅದಕ್ಕೇ ಸುತ್ತಿತ್ತು.

ಆ ರಾತ್ರಿ ಅವನು ಮನೆಗೆ ಹೋಗಲಿಲ್ಲ. ಕೆಲಸ ಐತೆ ಅಂತ ತನಗೇ ಹೇಳ್ಕಂಡ. ಎರಡು ಗಂಟೆ ದಾಟಿದಾಗ ಗೇಟಿನ ವಾಚ್‌ಮನ್ ಸುಭಾನ್ ಬಾಗಿಲಿಗೆ ಬಂದು ನಿಂತ. ಹಿರಿಯೂರಿನ ಸಾಬ್ರು, ಅರವತ್ತು ದಾಟಿದ ಮನುಷ್ಯ. ಮಂಗಳವಾರ ಬೋರಪ್ಪನ್ನ ಎತ್ತಿ ಜೀಪಿಗೆ ಹಾಕಿದ್ದು ಅವನೇ.

“ಸಾರ್...” ಪಿಸುಗುಟ್ಟಿದ. “ಕೇಳಿಸ್ತಾ ಐತಾ?”

ಠಣ್...

“ಗಾಳಿ ಕಣಲೇ.” ಅಪ್ಪನ ವಯಸ್ಸಿನೋನಿಗೆ ಲೇ ಅಂತಾನೆ. ಅದೂ ಪಿಸುಮಾತಲ್ಲೇ.

“ಗಾಳಿ ಎಲ್ಲೈತೆ ಸಾರ್? ಫ್ಯಾನುಗಳೆಲ್ಲ ನಿಂತವೆ.”

ಠಣ್...

“ನಿನ್ನೆಯೂ ಇಳಿದ್ರು” ಅಂದ ಸುಭಾನ್. “ನಿನ್ನೆ ಇನ್ನೂ ಮೇಲಿದ್ರು.”

“ಯಾರು?”

ಸುಭಾನ್ ಅವನ ಮುಖ ನೋಡಿದ. ಉತ್ತರ ಕೊಡೋಕೆ ಇವನು ಲಾಯಕ್ಕಲ್ಲ ಅನ್ನೋ ಥರ ನೋಡಿದ. ಗೇಟಿಗೆ ವಾಪಸ್ ಹೋದ.

ಬೆಳಗ್ಗೆ ಕ್ಲೋನಿನ ಮುಂದೆ ಐವತ್ತಾರು. ಮಾರನೇ ದಿನ ಎಂಬತ್ನಾಲ್ಕು. ದಿನಕ್ಕೊಂದು ನಿಮಿಷ, ಹದಿನೈದು ಮೆಟ್ಲು. ನಾಲ್ಕನೇ ರಾತ್ರಿಯ ತುಣುಕಿನಲ್ಲಿ ಸೊಂಟದಗಂಟ ಕಂಡಿತು. ಬೋಳು ಸೊಂಟ, ಬೆಲ್ಟಿಲ್ಲ. ಹಗಲು ಹೊತ್ತು ಹೋಗಿ ಹದಿನೇಳರ ಏಣಿಯ ಮೆಟ್ಲು ಎಣಿಸ್ಕಂಡು ಬಂದ. ನೂರಾ ಮೂವತ್ತೈದು. ಒಂಬತ್ತು ರಾತ್ರಿ.

ಇಷ್ಟಾದ್ರೂ ಅವನಿಗೆ ಬೋರಪ್ಪನ ಹೆಂಡ್ತಿ ನೆನಪಾಗಲಿಲ್ಲ, ನೋಡ್ರಿ. ಒಂಬತ್ತನೇ ರಾತ್ರಿ ನಾನು ಎಲ್ಲಿರ್ಬೇಕು ಅನ್ನೋದೊಂದೇ ಚಿಂತೆ. ದುರ್ಗದಲ್ಲಿ ಲಾಡ್ಜು ಮಾಡ್ಲಾ, ತಾಳ್ಯಕ್ಕೆ ಹೋಗ್ಲಾ ಅಂತ. ಶ್ರೀನಿವಾಸ್ ದಿನಾ ಕೇಳೋನು, “ಜಾಗ ಬಂತಾ?” ಇವನು, “ನಿಧಾನಕ್ಕೆ ಬರ್ತೈತೆ ಸಾರ್” ಅನ್ನೋನು. ಒಬ್ಬ ಸುಳ್ಳುಬುರುಕನಿಗೆ ಇನ್ನೊಬ್ಬ ಸುಳ್ಳುಬುರುಕ.

ಮುಂದಿನ ಶುಕ್ರವಾರ ಶ್ರೀನಿವಾಸ್ ಬಾಗಿಲು ಹಾಕ್ಕಂಡು ಹೇಳಿದ. “ಸೋಮವಾರ ತಪಾಸಣೆಗೆ ಬರ್ತಾರೆ. ಪೆಟ್ಟಿಗೆ ಪೂರ್ತಿ ಫಾರ್ಮ್ಯಾಟ್ ಮಾಡ್ರಿ. ಎಲ್ಲಾ ಹೋಗ್ಲಿ.”

“ಎಲ್ಲಾ ಕ್ಯಾಮೆರಾದ್ದೂ ಹೋಗ್ತೈತೆ ಸಾರ್. ಯಾಕೆ ಅಂತ ಕೇಳ್ತಾರೆ.”

“ಕೇಳಿದ್ರೆ ನೀವು ತಪ್ಪಾಗಿ ಅಳಿಸಿದ್ರಿ ಅಂತೀನಿ. ಪಾಸ್‌ವರ್ಡು ನಿಮ್ಮದೇ ಅಲ್ವಾ.” ಅಂದು, ಇವನ ಹೆಗಲು ತಟ್ಟಿ ಹೋದ.

ಆ ತಟ್ಟಿದ್ದು ನಾಟ್ತು. ಸತ್ತೋನ ಮೇಲೆ ಸುಳ್ಳು ಬರೆದಾಗ ನಾಟದೇ ಇದ್ದಿದ್ದು, ತನ್ನ ಮೇಲೆ ಬರೀತಾರೆ ಅಂದಾಗ ನಾಟ್ತು. ಪುಣ್ಯಾತ್ಮ ಅಂತ ಯಾರೂ ಅಂದ್ಕಬೇಡ್ರಿ. ಅವನಿಗೆ ಹೆದರಿಕೆ ಒಂದು, ಹೊಟ್ಟೆಉರಿ ಇನ್ನೊಂದು. ಒಳ್ಳೇತನ ಅದರಲ್ಲಿ ಸಾಸಿವೆಯಷ್ಟೂ ಇರಲಿಲ್ಲ. ಅದನ್ನ ಅವನೇ ನನ್ನ ಹತ್ರ ಒಪ್ಪಿದಾನೆ.

ಶನಿವಾರ ಬೆಳಗ್ಗೆ ಹಿರಿಯೂರಿಗೆ ಹೋಗಿ ದೊಡ್ಡದೊಂದು ಪೆನ್‌ಡ್ರೈವ್ ತಂದ. ಕ್ಲೋನಿನಲ್ಲಿದ್ದ ಮಂಗಳವಾರ ಪೂರ್ತಿ, ಎಂಟು ತುಣುಕು, ಎಲ್ಲ ಅದಕ್ಕೆ ತುಂಬಿಸ್ಕಂಡ. ಸಂಜೆ ಲ್ಯಾಪ್‌ಟಾಪ್ ಹಿಡ್ಕಂಡು ಜಯಕ್ಕನ ಮನೆ ಬಾಗಿಲಲ್ಲಿ ನಿಂತ.

ಜಯಕ್ಕ ಜಗಲಿ ಮೇಲೆ ಅವರೆಕಾಳು ಕೇರ್ತಿದ್ಲು. ಕುಂತ್ಕಳ್ರಿ ಅನ್ನಲಿಲ್ಲ.

“ಕುಡಿದಿದ್ದ ಅಂತ ಬರೆದೋನು ನೀನೇ ಏನಪ್ಪ?”

“ಅದು... ಸಾಹೇಬ್ರು ಹೇಳಿದ್ರು. ನಾನು ಟೈಪ್ ಮಾಡಿದ್ದು ಅಷ್ಟೇ ಜಯಕ್ಕ.”

“ಹೂಂ.” ಮೊರ ಕೇರ್ತಾನೇ ಇದ್ಲು. “ಬೆರಳು ನಿಂದೇ ತಾನೆ?”

ನಿಂತೇ ಲ್ಯಾಪ್‌ಟಾಪ್ ತೆರೆದು ಕಂಬದ ಪಕ್ಕದ ಕಟ್ಟೆ ಮೇಲಿಟ್ಟ. ಜಯಕ್ಕ ನೋಡಿದ್ಲು. ಬೋರಪ್ಪ ಸೊಂಟ ತಟ್ಟಿದ್ದು ನೋಡಿದ್ಲು. ಬೆರಳು ಮೇಲಕ್ಕೆ ಹೋಗಿದ್ದು ನೋಡಿದ್ಲು. ಬೀಳೋದು ಬರೋಕೆ ಮುಂಚೆ, “ಸಾಕು” ಅಂದ್ಲು. ಕಣ್ಣಲ್ಲಿ ನೀರಿರಲಿಲ್ಲ.

“ಇನ್ನೂ ಐತೆ” ಅಂತ ನಿರಂಜನ್ ಎಂಟು ತುಣುಕೂ ಹಾಕಿದ. ಮೊರ ನಿಂತ್ಕಂತು. ಬೂಟು, ಸೊಂಟ, ಬೆನ್ನು. ಎಂಟನೇದರಲ್ಲಿ ತಲೆಯ ಹಿಂಭಾಗ ಕಾಣ್ತಿತ್ತು. ಏಣಿ ಕಡೆಗೇ ಮುಖ.

“ಇದು ಯಾವತ್ತಿಂದು?”

“ನಿನ್ನೆ ರಾತ್ರಿದು.”

ಜಯಕ್ಕ ಬೆಚ್ಚಲಿಲ್ಲ. ಮೊರ ಪಕ್ಕಕ್ಕಿಟ್ಲು. ಆಮೇಲೆ ಇವನ ಕಡೆ ತಿರುಗಿದ್ಲು.

“ಅವ್ರು ಇಳಿದು ಬರೋಗಂಟ ಕಾದೆಯಾ?”

“ಇನ್ನ ಹದಿನೈದು ಮೆಟ್ಲು ಐತೆ ಜಯಕ್ಕ. ಇವತ್ತು ರಾತ್ರಿ...”

“ಆ ಕಡ್ಡಿ ಕೊಡು.” ಪೆನ್‌ಡ್ರೈವ್ ಇಸ್ಕಂಡು ಸೆರಗಿನ ತುದಿಗೆ ಗಂಟು ಹಾಕಿದ್ಲು. “ರಾತ್ರಿ ಬಾಗ್ಲು ತೆಗೆದಿರ್ತೀನಿ. ನೀನು ನಡಿ.”

ದುರ್ಗದ ಕೊನೇ ಬಸ್ಸು ಹೋಗಿತ್ತು. ಅವನು ಕಂಟ್ರೋಲ್ ರೂಮಿಗೇ ಬಂದ. ಎಲ್ಲ ಲೈಟೂ ಹಾಕಿದ. ಬಾಗಿಲಿಗೆ ಚಿಲಕ ಹಾಕಿ ಅದಕ್ಕೆ ಮೇಜು ಒತ್ತರಿಸಿದ. ಸುಭಾನನ್ನ ಒಳಗೆ ಬಾ ಅಂತ ಕರೆದ, ಲೇ ಅನ್ನದೇ ಕರೆದ. ಸುಭಾನ್ ಬರಲಿಲ್ಲ. ಗೇಟು ಪೂರ್ತಿ ತೆಗೆದು, ಟೋಪಿ ಸರಿ ಮಾಡ್ಕಂಡು, ಪಕ್ಕಕ್ಕೆ ನಿಂತ್ಕಂಡ.

ಎರಡು ಹತ್ತು.

ಠಣ್... ಹತ್ತಿರದಿಂದ. ನಿರಂಜನ್ ಎಣಿಸಿದ. ಹನ್ನೊಂದು... ಹನ್ನೆರಡು... ಹದಿಮೂರು... ಹದಿನಾಲ್ಕು...

ಹದಿನೈದು.

ಆಮೇಲೆ ಕಬ್ಬಿಣದ ಸದ್ದಲ್ಲ. ಜಲ್ಲಿಕಲ್ಲಿನ ಮೇಲೆ ಬೂಟು. ಚರಕ್... ಚರಕ್... ಗುಡ್ಡದ ರಸ್ತೆ ಇಳಿದು ರೂಮಿನ ಕಡೆಗೇ ಬಂತು. ನಿರಂಜನ್ ಮೇಜಿನ ಕೆಳಗೆ ಸೇರ್ಕಂಡು ಎರಡೂ ಕೈಯಲ್ಲಿ ಕುತ್ತಿಗೆ ಮುಚ್ಕಂಡ. ಕುತ್ತಿಗೆ ಹಿಸುಕ್ತಾನೆ ಅಂತ. ಏನಾದ್ರೂ ಕೇಳ್ತಾನೆ ಅಂತ. ಕ್ಷಮೆ ಕೇಳೋಕೆ ಎರಡು ಮಾತು ಬೇರೆ ಜೋಡಿಸಿ ಇಟ್ಕಂಡಿದ್ನಂತೆ.

ಚರಕ್... ಚರಕ್... ಬಾಗಿಲ ಮುಂದೆ ಬಂತು. ನಿಲ್ಲಲಿಲ್ಲ. ನಡಿಗೆ ಚೂರೂ ನಿಧಾನ ಆಗಲಿಲ್ಲ. ಹಾಗೇ ದಾಟಿ, ಗೇಟು ದಾಟಿ, ಊರ ಕಡೆ ಹೋಯ್ತು. ಗೇಟಿನ ಹತ್ರ ಸುಭಾನ್ ಮೆಲ್ಲಗೆ ಸಲಾಂ ಅಂದಿದ್ದು ಕೇಳಿಸ್ತು. ಅಷ್ಟೇ.

ನಿರಂಜನ್ ಇವತ್ತಿಗೂ ಅದೊಂದನ್ನ ಹೇಳೋವಾಗ ತಲೆ ಎತ್ತಲ್ಲ. ಕೊಂದಿದ್ರೂ ಇಷ್ಟು ನೋಯ್ತಿರಲಿಲ್ಲವಂತೆ. ಅವನು ಒಂದು ಲೆಕ್ಕಕ್ಕೇ ಬರಲಿಲ್ಲ.

ಬೆಳಗ್ಗೆ ಪೆಟ್ಟಿಗೆ ನೋಡಿದ. ಕ್ಲೋನು ಇಲ್ಲ. ಅದು ತಿಂದಿದ್ದ ಇನ್ನೂರಾ ಐವತ್ತೆರಡು ಎಂಬಿ ಜಾಗ ಒಂದು ಚೂರೂ ಕಮ್ಮಿ ಇಲ್ಲದಂಗೆ ವಾಪಸ್ ಬಂದಿತ್ತು. ಗುರುವಾರದ ಸ್ನ್ಯಾಪ್‌ಶಾಟು ಮಾತ್ರ ನಲವತ್ತೊಂದು ಜಿಬಿ ಹೊತ್ಕಂಡು ಒಂಟಿಯಾಗಿ ಕುಂತಿತ್ತು. ಈಗ ಅದನ್ನ ತೆಗೀಬೋದಿತ್ತು, ತಡೆಯೋರು ಯಾರೂ ಇರಲಿಲ್ಲ. ಶ್ರೀನಿವಾಸ್ ಫೋನ್ ಮೇಲೆ ಫೋನ್ ಮಾಡ್ತಿದ್ದ. ನಿರಂಜನ್ ಕೀಬೋರ್ಡು ಮುಟ್ಟಲಿಲ್ಲ.

ಜಯಕ್ಕ ಬೆಳಗ್ಗೆ ಮೊದಲ ಬಸ್ಸಿಗೇ ಊರಿನ ನಾಲ್ಕು ಜನ ಕರ್ಕಂಡು ಹಿರಿಯೂರಿಗೆ ಹೋಗಿದ್ಲು. ಮಧ್ಯಾಹ್ನ ಪೊಲೀಸ್ನೋರು ಬಂದು ಪೆಟ್ಟಿಗೆ ಸೀಲ್ ಮಾಡಿದ್ರು. ಪೆನ್‌ಡ್ರೈವಿನಲ್ಲಿ ಮಂಗಳವಾರ ಪೂರ್ತಿ ಇತ್ತು. ಎಂಟು ತುಣುಕು ಇರಲಿಲ್ಲ. ಜಯಕ್ಕ ಅದರ ಸುದ್ದಿಯೇ ಎತ್ತಲಿಲ್ಲ. ಮದ್ಯಪಾನ ಅನ್ನೋ ಸಾಲು ರಿಪೋರ್ಟಿನಿಂದ ಹೋಯ್ತು. ಶ್ರೀನಿವಾಸ್ ಮೇಲೆ ಕೇಸು ಆಗಿ ಈಗ್ಲೂ ಕೋರ್ಟಿಗೆ ಅಲೀತಾ ಅವನೆ, ಹೋದಲ್ಲೆಲ್ಲ ತಾನು ಅಮಾಯಕ ಅಂತಾನೆ. ನಿರಂಜನ್‌ನ ಕೆಲಸದಿಂದ ತೆಗೆದ್ರು. ಹೊಳಲ್ಕೆರೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಕಂಡವನೆ. ಯಾರಾದ್ರೂ ಅರ್ಜಿ ಟೈಪ್ ಮಾಡಿಕೊಡು ಅಂದ್ರೆ ಎರಡೆರಡು ಸಲ ಓದಿಸ್ತಾನೆ.

ಇನ್ನೊಂದು ಐತೆ. ಸೋಮವಾರ ತಪಾಸಣೆಯೋರು ಬಂದು, ಬೋರಪ್ಪ ಮೇಲೆ ತಗಂಡು ಹೋಗಿದ್ದ ಸಾಮಾನಿನ ಚೀಲ ತರ್ರಿ ಅಂದ್ರು. ಬಿದ್ದಾಗ ಅದು ಮೇಲೇ ಉಳಿದಿತ್ತು, ಆಮೇಲೆ ಯಾರೂ ಹತ್ತಿರಲಿಲ್ಲ. ಬೆಲ್ಟು ಹಾಕ್ಕಂಡು ಒಬ್ಬ ಹತ್ತಿದ. ಮೇಲೆ ಚೀಲ ಇರಲಿಲ್ಲ.

ಅದು ಜಯಕ್ಕನ ಮನೇಲಿತ್ತು, ನಡುಮನೆ ಗೂಟಕ್ಕೆ ನೇತಾಕಿತ್ತು. ಯಾರು ತಂದ್ರು ಅಂತ ಕೇಳಿದ್ದಕ್ಕೆ, “ಭಾನುವಾರ ಎದ್ದಾಗ ಇತ್ತು” ಅಂದ್ಲು. ಪೊಲೀಸ್ನೋನು ಒಂದೊಂದೇ ತೆಗೆದು ಬರ್ಕಂಡ. ಸ್ಪ್ಯಾನರು ಆರು. ಕಟಿಂಗ್ ಪ್ಲೇಯರ್ ಒಂದು. ಆಯಿಲ್ ಬಟ್ಟೆ ಒಂದು. ಎಲೆಅಡಿಕೆ ಸಂಚಿ ಒಂದು. ಸಂಚಿ ಬಿಚ್ಚಿದ. ಒಳಗೆ ನಾಲ್ಕು ವೀಳ್ಯದೆಲೆ. ಬೋರಪ್ಪ ಸತ್ತು ಅವತ್ತಿಗೆ ಹದಿಮೂರು ದಿನ ಆಗಿತ್ತು. ನಿರಂಜನ್ ಕರೆಸ್ಕಂಡಿದ್ದಕ್ಕೆ ನಾನೂ ಅವತ್ತು ಆ ನಡುಮನೇಲೇ ನಿಂತಿದ್ದೆ, ಕಣ್ಣಾರೆ ನೋಡಿದೀನಿ.

ಎಲೆ ಬಾಡಿರಲಿಲ್ಲ.